ಊರಿನ ಪಾಸ್ತಾ, ದೇಶದ ಮುದ್ರೆ

2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸಭೆ ಸೇರಿದ್ದ ಯುನೆಸ್ಕೊ ಸಮಿತಿಯು ಇಟಲಿಯ ಅಡುಗೆಯನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಡುಗೆಮನೆಯ ಜ್ಞಾನಕ್ಕೆ ಸಂದ ಈ ಮನ್ನಣೆ ಸ್ವಾಗತಾರ್ಹವೇ. ಆದರೆ ಊರೂರಿನ ಸ್ವತ್ತನ್ನು ‘ಇಟಲಿಯ ಅಡುಗೆ’ ಎಂಬ ಒಂದೇ ಹೆಸರಿನಡಿ ಒಟ್ಟುಗೂಡಿಸುವಾಗ, ಅದನ್ನು ಕಾಪಾಡಿಕೊಂಡು ಬಂದ ಊರುಗಳೂ ಕೈಗಳೂ ಮರೆಗೆ ಸರಿಯಬಾರದೆಂಬುದು ನನ್ನ ಕಾಳಜಿ.

ಇಟಲಿ ಒಂದು ರಾಷ್ಟ್ರವಾಗಿ ರೂಪುಗೊಂಡಿದ್ದು 1861ರಲ್ಲಿ. ಪಾಸ್ತಾ ಅದಕ್ಕಿಂತ ಎಷ್ಟೋ ಹಳೆಯದು. ಮಾರ್ಕೊ ಪೋಲೊ ಅದನ್ನು ಚೀನಾದಿಂದ ತಂದನೆಂಬ ಜನಜನಿತ ಕಥೆಗೆ ಆಧಾರವಿಲ್ಲ. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಆದರೆ 1154ರಲ್ಲೇ ಭೂಗೋಳತಜ್ಞ ಅಲ್ ಇದ್ರಿಸಿ, ಸಿಸಿಲಿಯ ಪಲೆರ್ಮೊ ಬಳಿಯ ತ್ರಾಬಿಯಾದಲ್ಲಿ ಒಣ ಪಾಸ್ತಾ ತಯಾರಾಗಿ ಹಡಗುಗಳಲ್ಲಿ ಪರಸ್ಥಳಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದ.

ಯಾವ ಪಾಸ್ತಾ ಎಲ್ಲಿ ಹುಟ್ಟಿತೆಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ನೆಲ ಮತ್ತು ಹವೆ. ದಕ್ಷಿಣದ ಬಿಸಿಲಿಗೆ ಒಗ್ಗಿದ್ದು ಡುರಮ್ ಎಂಬ ಗಟ್ಟಿ ಗೋಧಿ; ನಮ್ಮ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು. ಅಲ್ಲಿ ರವೆಯನ್ನು ಬರೀ ನೀರಿನಲ್ಲಿ ಕಲಸುತ್ತಾರೆ. ಬಾರಿ ಪಟ್ಟಣದ, ಪುಟ್ಟ ಕಿವಿಯಾಕಾರದ ‘ಒರೆಕ್ಕಿಯೆತ್ತೆ’ ಹೀಗೆ ಆಗುವಂಥದು. ಅದಕ್ಕೆ ಜೊತೆ ಕಹಿ ಸೊಪ್ಪು. ಸಿಸಿಲಿಯ ಕತಾನಿಯಾದಲ್ಲಿ ಕರಿದ ಬದನೆಕಾಯಿ, ಟೊಮೆಟೊ ಸೇರಿ ‘ನೋರ್ಮಾ’ ಪಾಸ್ತಾ ಆಗುತ್ತದೆ. ಉತ್ತರದ ಬೊಲೊನ್ಯಾದಲ್ಲಿ ಮೃದು ಗೋಧಿಯ ಹಿಟ್ಟಿಗೆ ಮೊಟ್ಟೆ ಬೆರೆಸಿ ಲಟ್ಟಿಸಿದ ‘ತಲ್ಯತೆಲ್ಲೆ’ ಪಟ್ಟಿಗಳಿಗೆ ಮಾಂಸದ ‘ರಾಗು’ ಬೆರೆಸುತ್ತಾರೆ. ಜಗತ್ತಿಗೆಲ್ಲ ಪರಿಚಿತವಾದ ‘ಸ್ಪಗೆಟಿ ಬೊಲೊನೀಸ್’ ಆ ಊರಿನ ಸಂಪ್ರದಾಯವೇ ಅಲ್ಲ.

ಇಂಥ ಗೊಂದಲ ತಪ್ಪಿಸಲೆಂದೇ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1972ರಲ್ಲಿ ಬೆಂದ ತಲ್ಯತೆಲ್ಲೆಯ ಅಗಲ 8 ಮಿಲಿಮೀಟರ್ ಎಂದೂ, 1982ರಲ್ಲಿ ರಾಗುವಿನ ಪಾಕವಿಧಾನವನ್ನೂ ನೋಂದಾಯಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ರುಚಿಯನ್ನು ದಸ್ತಾವೇಜಿನಲ್ಲಿ ಕಟ್ಟಿಹಾಕಿದರೆ ಅದು ಉಳಿದೀತೆ? ಪಾಸ್ತಾಗೆ ಇಂದು ಅನಿವಾರ್ಯವೆನಿಸುವ ಟೊಮೆಟೊ ಅಮೆರಿಕ ಖಂಡದಿಂದ ಬಂದದ್ದು. ರೋಮ್‌ನ ಹೆಮ್ಮೆಯ ‘ಕಾರ್ಬೊನಾರ’ ಹೆಸರುವಾಸಿಯಾದದ್ದೇ ಎರಡನೇ ಮಹಾಯುದ್ಧದ ನಂತರ. 1954ರಲ್ಲಿ ಇಟಲಿಯ ಪತ್ರಿಕೆಯೊಂದು ಪ್ರಕಟಿಸಿದ ಅದರ ವಿಧಾನದಲ್ಲಿ ಸ್ವಿಟ್ಜರ್ಲೆಂಡ್‌ನ ಗ್ರುಯೇರ್ ಚೀಸ್ ಇತ್ತು! ಅಂದೇ ಅದಕ್ಕೆ ಮೊಹರು ಒತ್ತಿದ್ದರೆ ಇಂದಿನ ಶುದ್ಧತಾವಾದಿಗಳ ಪಾಡೇನಾಗುತ್ತಿತ್ತು?

ಆಡಳಿತದ ಗಡಿಗಳೂ ರುಚಿಯ ಗಡಿಗಳಲ್ಲ. ಹಂದಿಯ ಕೆನ್ನೆಮಾಂಸ, ಕುರಿಹಾಲಿನ ಚೀಸ್, ಟೊಮೆಟೊಗಳ ‘ಅಮಾತ್ರಿಚಾನ’ವನ್ನು ಎಲ್ಲರೂ ರೋಮ್‌ನ ಖಾದ್ಯವೆನ್ನುತ್ತಾರೆ. ಅದಕ್ಕೆ ಹೆಸರು ಕೊಟ್ಟ ಗುಡ್ಡಗಾಡಿನ ಅಮಾತ್ರಿಚೆ ಪಟ್ಟಣವು 1927ರವರೆಗೆ ರೋಮ್‌ನ ಲಾತ್ಸಿಯೊ ಪ್ರಾಂತ್ಯಕ್ಕೆ ಸೇರಿರಲೇ ಇಲ್ಲ. ಅದು ಅಬ್ರುತ್ಸೊ ಪ್ರಾಂತ್ಯದ್ದಾಗಿತ್ತು. 2016ರ ಆಗಸ್ಟ್ 24ರ ಭೂಕಂಪದಲ್ಲಿ ಆ ಪಟ್ಟಣ ನೆಲಸಮವಾಯಿತು. ಅಮಾತ್ರಿಚಾನದ 50ನೇ ವಾರ್ಷಿಕ ಉತ್ಸವಕ್ಕೆ ಕೆಲವೇ ದಿನ ಬಾಕಿಯಿತ್ತು. ಆಗ ಹಲವು ಹೋಟೆಲುಗಳು ಪ್ರತಿ ತಟ್ಟೆಗೆ 2 ಯೂರೊದಂತೆ ಸಂತ್ರಸ್ತರಿಗೆ ನೆರವು ಸಂಗ್ರಹಿಸಿದವು. ಖಾದ್ಯವು ತನ್ನ ಹೆಸರಿನಲ್ಲಿ ಊರನ್ನು ಹೊತ್ತಿದ್ದರಿಂದಲೇ ಆ ಸಂಬಂಧ ಜನರಿಗೆ ತಟಕ್ಕನೆ ನೆನಪಾದದ್ದು.

ಇದಕ್ಕೆ ವ್ಯತಿರಿಕ್ತವಾದ ಚಿತ್ರವೂ ಇದೆ. ಬಾರಿಯ ಹಳೇಪೇಟೆಯ ಓಣಿಗಳಲ್ಲಿ ಮಹಿಳೆಯರು ಮನೆಯ ಮುಂದೆ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಮಾಡಿ ಮಾರುತ್ತಾರೆ. 2019ರಲ್ಲಿ ಅಧಿಕಾರಿಗಳು, ಮೂಲದ ದಾಖಲೆಯಿಲ್ಲವೆಂದು ಹೋಟೆಲೊಂದರಲ್ಲಿದ್ದ ಅಂಥ ಪಾಸ್ತಾವನ್ನು ಕಸಕ್ಕೆ ಹಾಕಿಸಿದರು. ಆಹಾರ ಸುರಕ್ಷತೆಯ ನಿಯಮ ಬೇಡವೆಂದು ಯಾರೂ ಹೇಳಲಾರರು. ಆದರೆ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮವನ್ನು ಅಜ್ಜಿಯ ಮಣೆಗೂ ಹಾಗೆಯೇ ಅನ್ವಯಿಸುವುದು ವಿವೇಕವಲ್ಲ.

ಪರಂಪರೆಯ ಪಟ್ಟಿಗೆ ನಿಜವಾದ ಅರ್ಥ ಬರಬೇಕಾದರೆ ರೋಮ್‌ನ ಸರ್ಕಾರವು ಹೆಮ್ಮೆಪಟ್ಟು ಸುಮ್ಮನಾಗಬಾರದು. ಇಂಥ ಮಹಿಳೆಯರಿಗೆ ಸುಲಭದ ಪರವಾನಗಿ, ಸ್ಥಳೀಯ ಗೋಧಿ ಬೆಳೆಯುವವರಿಗೆ ನ್ಯಾಯವಾದ ಬೆಲೆ, ಅಮಾತ್ರಿಚೆಯಂಥ ಊರುಗಳಲ್ಲಿ ಜನ ಮತ್ತೆ ನೆಲೆಸಲು ಆಸರೆ ಒದಗಿಸುವುದು ಅದರ ಮೊದಲ ಕರ್ತವ್ಯ.