ಎಳೆಯರ ಗುರುವಿಗೆ ತರಬೇತಿ ಬೇಡವೇ?

ನಮ್ಮ ಶಿಕ್ಷಣ ವ್ಯವಸ್ಥೆಯ ಒಂದು ವಿಚಿತ್ರ ಲೆಕ್ಕವನ್ನು ಗಮನಿಸಿ. ಹದಿನೈದು ವರ್ಷದ ಹುಡುಗನಿಗೆ ಬೀಜಗಣಿತ ಕಲಿಸುವವರಿಗೆ ಪದವಿ ಬೇಕು, ಅದರ ಮೇಲೆ ಬಿ.ಎಡ್. ಬೇಕು. ನಮ್ಮ ಕಾಲದಲ್ಲಿ ಒಂದು ವರ್ಷವಿದ್ದ ಆ ಬಿ.ಎಡ್. ಅನ್ನು ೨೦೧೫ರಲ್ಲಿ ಎರಡು ವರ್ಷಕ್ಕೆ ಏರಿಸಲಾಯಿತು. ಆದರೆ ಮೂರು ವರ್ಷದ ಕೂಸನ್ನು ತಾಯಿಯ ಸೆರಗಿನಿಂದ ಬಿಡಿಸಿಕೊಂಡು ದಿನವಿಡೀ ಸಂಭಾಳಿಸುವ ಶಿಕ್ಷಕಿಯನ್ನು ‘ಏನು ಕಲಿತಿದ್ದೀರಿ?’ ಎಂದು ಕೇಳುವವರೇ ವಿರಳ. ಅಡಿಪಾಯವನ್ನು ಯಾರಾದರೂ ಹಾಕಲಿ, ಮೂರನೆಯ ಮಹಡಿಗೆ ಮಾತ್ರ ಇಂಜಿನಿಯರು ಬೇಕು ಎಂಬಂತಿದೆ ಇದು!

ನಾನು ಪೀಣ್ಯದ ಆಸುಪಾಸಿನ ಪ್ರೌಢಶಾಲೆಯಲ್ಲಿ ದುಡಿದವನು. ಬೆಳಗಾಗುತ್ತಲೇ ಗಾರ್ಮೆಂಟ್ಸ್‌ಗೆ ಓಡುವ ತಾಯಂದಿರನ್ನು ದಿನವೂ ಕಂಡವನು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಾಫ್ಟ್‌ವೇರ್ ದಂಪತಿಗಳ ಪಾಡೂ ಬೇರೆಯಲ್ಲ. ಇವರೆಲ್ಲರ ಮಕ್ಕಳು ಬೆಳೆಯುವುದು ಅಂಗನವಾಡಿ, ನರ್ಸರಿ, ಡೇ ಕೇರ್‌ಗಳಲ್ಲಿ. ಅಲ್ಲಿ ‘ಮಿಸ್’ ಆಗಿರುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದ್ದಾರೆ. ಅವರಲ್ಲೊಬ್ಬಳು ಪಿಯುಸಿ ಮುಗಿಸಿದ ಬೇಸಿಗೆಯಲ್ಲೇ ಒಂದು ನರ್ಸರಿ ಸೇರಿದಳು. ಮೂವತ್ತು ಮಕ್ಕಳು, ಒಂದು ಕಟ್ಟು ಕಾಪಿ ಪುಸ್ತಕ: ಅವಳಿಗೆ ದೊರೆತ ‘ತರಬೇತಿ’ ಇಷ್ಟೇ. “ಸಾರ್, ಒಂದು ಮಗು ಅಳೋಕೆ ಶುರು ಮಾಡಿದ್ರೆ ಎಲ್ಲಾ ಅಳ್ತಾವೆ, ಏನು ಮಾಡಬೇಕೋ ಗೊತ್ತಾಗಲ್ಲ” ಎಂದಿದ್ದಳು. ಸಂಬಳವೋ ಪಕ್ಕದ ಮನೆಯ ಟೈಲರಿಗಿಂತ ಕಡಿಮೆ. ವರ್ಷದೊಳಗೆ ಅವಳೂ ಗಾರ್ಮೆಂಟ್ಸ್ ಸೇರಿದಳು.

ತರಬೇತಿಯ ಬೇಡಿಕೆ ಹೊಸದೇನಲ್ಲ. ೧೯೪೮ರ ಕಾರ್ಖಾನೆಗಳ ಕಾಯ್ದೆಯ ೪೮ನೆಯ ಕಲಮು, ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕೆಂದು ವಿಧಿಸಿತು. ಅದು ಶಿಶುಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯರ ಉಸ್ತುವಾರಿಯಲ್ಲಿರಬೇಕೆಂದೂ ಹೇಳಿತು. ೨೦೧೭ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಆದ ತಿದ್ದುಪಡಿಯು ೫೦ ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಕೊಠಡಿಗಳೆದ್ದವು, ಗೋಡೆಗಳ ಮೇಲೆ ಮಿಕ್ಕಿ ಮೌಸ್ ಮೂಡಿತು. ಆದರೆ ಆ ತರಬೇತಿ ಪಡೆದ ಮಹಿಳೆ ಎಲ್ಲಿಂದ ಬರಬೇಕು?

“ಹೆತ್ತ ತಾಯಿಗೆ ಯಾರು ಟ್ರೈನಿಂಗ್ ಕೊಟ್ಟರು?” ಎಂದು ಕೆಲವರ ವಾದ. ತಾಯಿಯ ಮಡಿಲಲ್ಲಿರುವುದು ಒಂದು ಮಗು. ಶಿಕ್ಷಕಿಯ ಮುಂದಿರುವುದು ಇಪ್ಪತ್ತೈದು. ಪೀಣ್ಯದಂಥ ಕಡೆ ಅವುಗಳ ಮನೆಮಾತು ಕನ್ನಡ, ತಮಿಳು, ತೆಲುಗು, ಹಿಂದಿ ಎಂದು ಹಲವು. ಬೆರಳು ಬಲಿಯುವ ಮುನ್ನ ಅಕ್ಷರ ತಿದ್ದಿಸಬಾರದೇಕೆ, ಮಾತು ತಡವಾದ ಮಗುವಿಗೆ ಕಿವಿ ಕೇಳಿಸುತ್ತಿದೆಯೇ, ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡರೆ ಏನು ಮಾಡಬೇಕು? ಇವೆಲ್ಲ ಕಲಿತೇ ಬರಬೇಕಾದ ವಿದ್ಯೆಗಳು. ೧೯೩೯ರಲ್ಲಿ ಭಾರತಕ್ಕೆ ಬಂದ ಮರಿಯಾ ಮಾಂಟೆಸ್ಸರಿಯವರು ಅಡ್ಯಾರಿನಲ್ಲಿ ಮೊದಲು ಕೈಗೊಂಡದ್ದು ಶಿಕ್ಷಕರ ತರಬೇತಿಯನ್ನೇ ಎಂಬುದನ್ನು ಮರೆಯಬಾರದು.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಸೂಚಿಸಿತು. ಅದೂ ಟಿವಿ, ಮೊಬೈಲುಗಳ ಮೂಲಕ. ಅಳುವ ಮಗುವನ್ನು ಸಂತೈಸುವುದನ್ನು ಮೊಬೈಲಿನಲ್ಲಿ ಕಲಿಯಲಾದೀತೇ?

ಸಿಬಿಎಸ್‌ಇ ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆ ಶಿಶುಪಾಲನೆ ಮತ್ತು ಶಿಕ್ಷಣವನ್ನು ಕೌಶಲ ವಿಷಯವಾಗಿ ಇಟ್ಟಿದೆ. ಬೆಂಗಳೂರಿನ ಹೊರವಲಯದ ಸರ್ಕಾರಿ ಪಿಯು ಕಾಲೇಜುಗಳೂ ಇಂಥ ಎರಡು ವರ್ಷದ ಕೋರ್ಸನ್ನು ಬಡ ಹೆಣ್ಣುಮಕ್ಕಳ ಕೈಗೆಟುಕಿಸಲಿ. ವಾರಕ್ಕೆ ಎರಡು ದಿನ ಅನುಭವಿ ಅಂಗನವಾಡಿ ಕಾರ್ಯಕರ್ತೆಯ ಕೈಕೆಳಗೆ ಅಭ್ಯಾಸವಿರಲಿ. ಖರ್ಚಿನ ಪಾಲನ್ನು ಇಲ್ಲಿನ ಕಂಪನಿಗಳು ಹೊರಲಿ. ಕಲಿತು ಬಂದವಳಿಗೆ ಕಲಿತದ್ದಕ್ಕೆ ತಕ್ಕ ಸಂಬಳ ಸಿಗಲಿ. ‘ಗೌರವಧನ’ವೆಂದು ಹೆಸರಿಟ್ಟ ಮಾತ್ರಕ್ಕೆ ಗೌರವ ಬಾರದು. ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು ೨೦೨೨ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಮಗುವನ್ನು ಸೇರಿಸಲು ಹೋದಾಗ ಎಸಿ ಇದೆಯೇ, ಸಿಸಿ ಕ್ಯಾಮೆರಾ ಇದೆಯೇ ಎಂದು ವಿಚಾರಿಸುವ ತಂದೆತಾಯಿಯರೇ, ಮಿಸ್ ಎಲ್ಲಿ ಕಲಿತರು, ಅವರಿಗೆ ಸಂಬಳವೆಷ್ಟು ಎಂಬುದನ್ನೂ ಒಮ್ಮೆ ಕೇಳಿ ನೋಡಿ.