ರೀಸ್ಟಾರ್ಟ್ ಮಾಡಿದರೆ ನೆಟ್ ಹೋಗುತ್ತೆ, ಕರೆಂಟ್ ಹೋದರೆ ಬರುತ್ತೆ!

“ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.” ನಮ್ಮ ಸಾಫ್ಟ್‌ವೇರ್ ಮಂದಿಯ ಮೂಲಮಂತ್ರ ಇದು. ಬಹಳಷ್ಟು ಸಲ ಫಲಿಸುತ್ತದೆ ಕೂಡ. ಆದರೆ ರೀಸ್ಟಾರ್ಟೇ ರೋಗವಾದರೆ ಏನು ಮಾಡೋದು?

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಪರಿಚಯದವರೊಬ್ಬರ ಪುಟ್ಟ ಅಂಗಡಿ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕಾಲರ್‌ಶಿಪ್, ಪರೀಕ್ಷೆ ಫೀಸು ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದಕ್ಕೊಂದು ವಿಚಿತ್ರ ಕಾಯಿಲೆ. ಅಪ್‌ಡೇಟ್ ಬಂದು ರೀಸ್ಟಾರ್ಟ್ ಆಯಿತೋ, ಕೇಬಲ್ಲಿನ ನೆಟ್ ಮಾಯ. ಹಿಂದಿನ ಲ್ಯಾನ್ ಪೋರ್ಟಿನ ದೀಪವೂ ಆರಿರುತ್ತದೆ. ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಸತ್ತರೆ ಬೆಳಗ್ಗೆ ಎಲ್ಲ ಸರಿ! ಕರೆಂಟ್ ಹೋಗಲಿ ಅಂತ ಹರಕೆ ಹೊತ್ತ ಅಂಗಡಿ ಬಳ್ಳಾರಿಯಲ್ಲಿ ಇದೊಂದೇ ಇರಬೇಕು :)

ರಿಪೇರಿಗೆ ಬಂದವರು ಮೊದಲು ಕೇಬಲ್ ಬದಲಿಸಿದರು. ಆಮೇಲೆ ಫಾರ್ಮ್ಯಾಟ್ ಮಾಡಿದರು. ಕೊನೆಗೆ “ಬೋರ್ಡು ಹೋಗೈತ್ರಿ, ಹೊಸದು ಹಾಕಿಸಿಬಿಡ್ರಿ” ಅಂದರು. ಈ ನಡುವೆ ಕುರುಗೋಡು, ಸಿರುಗುಪ್ಪ ಕಡೆಯಿಂದ ಬಸ್ ಹತ್ತಿ ಬಂದವರು “ನೆಟ್ ಇಲ್ರಿ, ನಾಳೆ ಬರ್ರಿ” ಅಂತ ಕೇಳಿಸಿಕೊಂಡು ವಾಪಸ್ ಹೋದರು. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಖೋತಾ.

ಬೋರ್ಡು ಹೋಗಿರಲಿಲ್ಲ. ಸುಟ್ಟುಹೋದ ಬೋರ್ಡು ಕರೆಂಟ್ ಹೋಗಿ ಬಂದರೆ ಬದುಕುತ್ತದೆಯೇ? ಈ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನನ್ನ ಸಿಟ್ಟು ಅದಕ್ಕೇ.

ವಿಷಯ ಇಷ್ಟೆ. ಡೆಸ್ಕ್‌ಟಾಪ್ ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇರುವ ತನಕ ಅದರ ಪವರ್ ಸಪ್ಲೈ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಕೊಡುತ್ತಲೇ ಇರುತ್ತದೆ. ದೂರದಿಂದ ನೆಟ್‌ವರ್ಕ್ ಮೂಲಕ ಯಂತ್ರವನ್ನು ಎಬ್ಬಿಸುವ ವೇಕ್-ಆನ್-ಲ್ಯಾನ್ ಸೌಲಭ್ಯ ನಡೆಯುವುದು ಇದರಿಂದಲೇ. ರೀಸ್ಟಾರ್ಟಿನಲ್ಲಂತೂ ಕಾರ್ಡಿಗೆ ಹೋಗುವ ವಿದ್ಯುತ್ ಕಡಿಯುವುದೇ ಇಲ್ಲ. ಹೋಗುವಾಗ ಡ್ರೈವರ್ ಕಾರ್ಡನ್ನು ಮಲಗಿಸಿ ಹೋಗಿದ್ದು, ಮತ್ತೆ ಬಂದ ಡ್ರೈವರಿಗೆ ಅದನ್ನು ಎಬ್ಬಿಸಲು ಬಾರದಿದ್ದರೆ ಮುಗಿಯಿತು. ಕೆಲವು ರಿಯಲ್‌ಟೆಕ್ ಕಾರ್ಡುಗಳಲ್ಲಿ ವಿಂಡೋಸ್ ಮಲಗಿಸಿದ್ದನ್ನು ಲಿನಕ್ಸ್ ಎಬ್ಬಿಸಲಾರದೆ ಒದ್ದಾಡುವುದು ಎರಡನ್ನೂ ಬಳಸುವವರಿಗೆ ಹಳೆಯ ಕಥೆ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಇಷ್ಟು ಮಾಡಿ:

೧. ಪೋರ್ಟಿನ ದೀಪ ನೋಡಿ. ದೀಪ ಉರಿಯುತ್ತಿದ್ದು ಐಪಿ ವಿಳಾಸ 169.254 ಅಂತ ಶುರುವಾದರೆ ಕಾರ್ಡು ಬದುಕಿದೆ, ವಿಳಾಸ ಹಂಚುವ ರೌಟರ್ ಕಡೆ ಹುಡುಕಿ.

೨. ದೀಪವೇ ಇಲ್ಲವೆಂದರೆ ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಂದು ನಿಮಿಷ ಬಿಟ್ಟು ಆನ್ ಮಾಡಿ. ನೆಟ್ ಬಂತೇ? ಹಾಗಾದರೆ ಬೋರ್ಡು ಬದಲಿಸುವ ಮಾತು ಸದ್ಯಕ್ಕೆ ಬೇಡ.

೩. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡಲು ಬಿಡುವ ಟಿಕ್ ತೆಗೆಯಿರಿ.

೪. ಹೊಸ ಡ್ರೈವರನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡು ಆಮೇಲೆ ಹಳೆಯದನ್ನು ತೆಗೆಯಿರಿ. ನೆಟ್ ಇಲ್ಲದೆ ನೆಟ್ಟಿನ ಡ್ರೈವರ್ ಸಿಗುವುದಿಲ್ಲ!

ಇನ್ನೊಂದು ಗಮ್ಮತ್ತು. 2012ರಲ್ಲಿ ವಿಂಡೋಸ್ 8ರ ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸಿನ ಒಳಗಿನ ಸ್ಥಿತಿ ಡಿಸ್ಕಿಗೆ ಹೋಗಿ ಕೂರುತ್ತದೆ, ಮರುದಿನ ಅದೇ ಎದ್ದು ಬರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟಿನಲ್ಲಿ. ಆದ್ದರಿಂದ “ನೆಟ್ ಹೋಗೋದು ರೀಸ್ಟಾರ್ಟ್ ಆದಮೇಲೋ, ಶಟ್‌ಡೌನ್ ಆದಮೇಲೋ?” ಅಂತ ಕೇಳಲೇಬೇಕು. ಎರಡೂ ಬೇರೆ ಬೇರೆ ರೋಗ. ಎರಡನೆಯದಾದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ನೋಡಿ.

ಯಂತ್ರಾಂಶ ನಿಜಕ್ಕೂ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳು ಕೆಲವು ಇಂಟೆಲ್ ಕಾರ್ಡುಗಳ ಒಳಗಿನ ಮೆಮೊರಿಯನ್ನೇ ಕೆಡಿಸಿದವು, ರೀಸ್ಟಾರ್ಟ್ ಮಾಡಿದರೂ ಅವು ಏಳಲಿಲ್ಲ. ಎಲ್ಲರ ಅನುಮಾನ ಕಾರ್ಡಿನ ಡ್ರೈವರ್ ಮೇಲೆ. ಹುಡುಕಿ ನೋಡಿದರೆ ಕಳ್ಳ ಎಫ್‌ಟ್ರೇಸ್ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಭಾಗ! ಅವರು ಅನುಮಾನಕ್ಕೆ ತೃಪ್ತರಾಗದೆ ಹುಡುಕಿದ್ದಕ್ಕೆ ಸಿಕ್ಕಿತು.

ನಮ್ಮ ಊರುಗಳ ರಿಪೇರಿ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಇದನ್ನು ಹೇಳಿಕೊಟ್ಟವರು ಯಾರು? ಕನ್ನಡದಲ್ಲಿ ಬರೆಯುವ ಇಂಜಿನಿಯರುಗಳಾದ ನಾವು ಊರಿನ ನೆನಪು, ಮಳೆ, ಸಿನೆಮಾ ಎಲ್ಲ ಬರೆಯುತ್ತೇವೆ. ದಿನವೂ ಆಫೀಸಿನಲ್ಲಿ ಮಾಡುವ ಕೆಲಸವನ್ನು ಮಾತ್ರ ಇಂಗ್ಲಿಷಿಗೆ ಬಿಟ್ಟುಕೊಟ್ಟಿದ್ದೇವೆ. ಶುದ್ಧ ಕನ್ನಡದ ಪಾರಿಭಾಷಿಕ ಪದ ಸಿಗಲಿ ಅಂತ ಕಾಯುವುದೂ ಬೇಡ. ಕೇಬಲ್, ಡ್ರೈವರ್, ಪೋರ್ಟ್ ಅಂದರೆ ಗಾಂಧಿನಗರದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅವುಗಳ ನಡುವಿನ ಕಾರ್ಯಕಾರಣ. ಅದನ್ನು ಕನ್ನಡದಲ್ಲಿ ಹೇಳಬಹುದು, ಮತ್ತು ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸಬಹುದು. ನೆಟ್ ಹೋದಾಗ ಓದಲು ಸಿಗುವುದು ಅದೊಂದೇ ತಾನೆ?

ನೀವು ಬಗೆಹರಿಸಿದ ಇಂಥ ಒಂದೊಂದು ತೊಂದರೆ ಬರೆದರೂ ಸಾಕು, ಯಾರದೋ ಒಂದು ದಿನದ ಕೂಲಿ ಉಳಿಯುತ್ತದೆ. ಏನಂತೀರಿ?