ಹೊಸ ಗಾಡಿ, ಮುಗಿಯದ ರಿಪೇರಿ

ಚಳ್ಳಕೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಸಾಲ ಮಾಡಿ ಹೊಸ ಗೂಡ್ಸ್ ಗಾಡಿ ಕೊಂಡವರು. ಓನರೂ ಅವರೇ, ಡ್ರೈವರೂ ಅವರೇ. ಹೋಗುವಾಗ ಊರಿನ ಈರುಳ್ಳಿ ಬೆಂಗಳೂರಿಗೆ, ಬರುವಾಗ ಸಿಕ್ಕಿದ ಬಾಡಿಗೆ ಊರಿಗೆ. ಮೊದಲ ತಿಂಗಳಲ್ಲೇ ಗಾಡಿ ದಾರಿಯಲ್ಲಿ ಕಾದು ನಿಂತಿತು. ಶೋರೂಮಿಗೆ ಒಯ್ದರು. ಸರಿ ಮಾಡಿಕೊಟ್ಟರು. ಮತ್ತೆ ನಿಂತಿತು. ಹೀಗೆ ಆರು ತಿಂಗಳಲ್ಲಿ ಏಳು ಸಲ. ಥರ್ಮೋಸ್ಟಾಟ್ ಬದಲಾಯಿತು, ರೇಡಿಯೇಟರ್ ಬದಲಾಯಿತು, ವಾಟರ್ ಪಂಪ್ ಬದಲಾಯಿತು. ರೋಗ ಮಾತ್ರ ಹಾಗೇ ಉಳಿಯಿತು. ಏಳನೇ ಸಲ ಹೋದಾಗ ಅಲ್ಲಿನ ಸೂಪರ್‌ವೈಸರ್, “ಗಾಡಿ ಸರಿಯಾಗೇ ಇದೆ ಯಜಮಾನ್ರೇ, ನೀವು ಓಡಿಸೋದು ಸರಿಯಿಲ್ಲ” ಅಂದನಂತೆ.

“ಹದಿನೆಂಟು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ ಸ್ವಾಮಿ. ಗಾಡಿ ವರ್ಕ್‌ಶಾಪಿನಲ್ಲಿದ್ದ ದಿನ ದುಡಿಮೆಯಿಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಕಂತು ನಿಲ್ಲಿಸಿ, ಗಾಡೀನ ಶೋರೂಮಿನ ಬಾಗಿಲಲ್ಲಿ ಬಿಟ್ಟು ಬಂದುಬಿಡಲೇ?” ಎಂದು ಕೇಳಿದ್ದಾರೆ.

ದಯವಿಟ್ಟು ಬೇಡಿ. ಸಿಟ್ಟು ನ್ಯಾಯವಾದದ್ದೇ, ದಾರಿ ಮಾತ್ರ ತಪ್ಪು. ಸಾಲ ಕೊಟ್ಟವರಿಗೂ ಗಾಡಿಯ ಕಾಯಿಲೆಗೂ ಸಂಬಂಧವಿಲ್ಲ. ಅವರೊಂದಿಗೆ ನೀವು ಮಾಡಿಕೊಂಡ ಕರಾರು ಬೇರೆ, ಶೋರೂಮಿನವರೊಂದಿಗಿನ ವ್ಯವಹಾರ ಬೇರೆ. ಕಂತು ನಿಂತರೆ ಗಾಡಿ ಜಪ್ತಿಯಾಗುತ್ತದೆ. ಆಗ ನೀವು ಕೆಟ್ಟ ಗಾಡಿ ಕೊಂಡ ಗ್ರಾಹಕರಾಗಿ ಉಳಿಯುವುದಿಲ್ಲ, ಸಾಲ ಕಟ್ಟದ ಸುಸ್ತಿದಾರರಾಗುತ್ತೀರಿ. ಇನ್ನು ಚೀಟಿ ಚಪಾಟಿ ಏನೂ ಇಲ್ಲದೆ ಗಾಡಿಯನ್ನು ಬಾಗಿಲಲ್ಲಿ ಬಿಟ್ಟು ಬಂದರೆ, ನಾಳೆ ಅವರು “ಇವರೇ ಬಿಟ್ಟು ಹೋದರು, ನಿಲುಗಡೆ ಬಾಡಿಗೆ ಕೊಡಲಿ” ಎನ್ನಬಹುದು.

ಶೋರೂಮಿನವರಿಗೆ ಇಷ್ಟು ಸಲವಾದರೂ ಯಾಕೆ ಸರಿ ಮಾಡಲಾಗುವುದಿಲ್ಲ? ಎಲ್ಲರೂ ಮೋಸಗಾರರೆಂದು ನಾನು ಹೇಳಲಾರೆ. ಡೀಲರ್ ಎಂದರೆ ಕಂಪನಿಯ ಮಾಲು ಮಾರುವವನು. ವಾರಂಟಿ ಕೊಟ್ಟದ್ದು ಕಂಪನಿ. ವಾರಂಟಿಯಲ್ಲಿ ಹಾಕಿದ ಬಿಡಿಭಾಗದ ಹಣವನ್ನೂ ಕೂಲಿಯನ್ನೂ ಡೀಲರ್ ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಅದಕ್ಕೆ ಕಂಪನಿ ಒಪ್ಪಬೇಕು. ಸಣ್ಣ ಭಾಗವಾದರೆ ಬೇಗ ಒಪ್ಪಿಗೆ ಸಿಗುತ್ತದೆ. ಇಂಜಿನ್ನನ್ನೇ ಇಳಿಸಿ ಬದಲಾಯಿಸಬೇಕೆಂದರೆ ಮೇಲಿನವರು ನೂರು ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಕಡಿಮೆ ಖರ್ಚಿನದನ್ನು ಮೊದಲು ಬದಲಾಯಿಸಿ ನೋಡುವುದು, ಆಗದಿದ್ದರೆ ಮುಂದಿನದು. ಇಡೀ ಗಾಡಿಯನ್ನು ಬದಲಾಯಿಸಿ ಕೊಡುವ ಅಧಿಕಾರವಂತೂ ಕೌಂಟರಿನಲ್ಲಿ ಕುಳಿತವನಿಗೆ ಇಲ್ಲವೇ ಇಲ್ಲ. ಅವನ ಮೇಲೆ ಕೂಗಾಡಿ ಗಂಟಲು ನೋಯಿಸಿಕೊಂಡರೆ ಬಂದ ಭಾಗ್ಯವೇನು?

ನಮ್ಮಲ್ಲಿ ಹೊಸ ಗಾಡಿ ಬಂದರೆ ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡಿಸುತ್ತೇವೆ. ಅಮೆರಿಕದವರು ಇಂಥ ಕೆಟ್ಟ ಗಾಡಿಯನ್ನೇ ನಿಂಬೆಹಣ್ಣು ಎಂದು ಕರೆಯುತ್ತಾರೆ! ಅಲ್ಲಿನ ಕನೆಕ್ಟಿಕಟ್ ರಾಜ್ಯ 1982ರಲ್ಲಿ ‘ಲೆಮನ್ ಲಾ’ ಎಂಬ ಕಾನೂನನ್ನೇ ಮಾಡಿತು. ಈಗ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಅದಿದೆ. ಕನೆಕ್ಟಿಕಟ್ಟಿನ ಲೆಕ್ಕ ಸರಳ: ನಿಗದಿತ ಅವಧಿಯೊಳಗೆ ಒಂದೇ ದೋಷವನ್ನು ನಾಲ್ಕು ಸಲ ರಿಪೇರಿ ಮಾಡಿದರೂ ಹೋಗದಿದ್ದರೆ, ಅಥವಾ ಗಾಡಿ ಒಟ್ಟು ಮೂವತ್ತು ದಿನ ವರ್ಕ್‌ಶಾಪಿನಲ್ಲೇ ಬಿದ್ದಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತೆಂದು ಭಾವಿಸಬೇಕು. ಮುಂದಿನದು ಬೇರೆ ಗಾಡಿ, ಇಲ್ಲವೇ ಹಣ ವಾಪಸು.

ನಮ್ಮ ದೇಶದಲ್ಲಿ ಹಾಗೆ ಎಣಿಸಿ ಹೇಳುವ ಕಾನೂನಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಇರಲಿಲ್ಲ. ಅದರ ಜಾಗಕ್ಕೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆಯಲ್ಲೂ ಇಲ್ಲ. ದೋಷ ಸರಿಪಡಿಸಿ, ಬದಲಿ ಕೊಡಿ, ಹಣ ವಾಪಸು ಮಾಡಿ, ಪರಿಹಾರ ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕೆ ಇದೆ. ಆದರೆ ಎಷ್ಟನೇ ರಿಪೇರಿಯ ನಂತರ ಯಾವುದು ಎಂಬುದಕ್ಕೆ ಗೆರೆ ಎಳೆದಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಕಾನೂನು ಎಣಿಸದ ಮೇಲೆ ಎಣಿಸುವ ಕೆಲಸ ನಿಮ್ಮ ಪಾಲಿಗೆ ಬಂತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. “ಹೊಸ ಗಾಡಿ ಕೆಟ್ಟಿದೆ, ಬೇರೆ ಗಾಡಿ ಕೊಡಿ” ಎಂದಾಕ್ಷಣ ಕೊಡಿಸಲಾಗುವುದಿಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣವೊಂದು ಸುಪ್ರೀಂ ಕೋರ್ಟಿನ ಮುಂದೆ ಬಂತು. ದೂರು ಕ್ಲಚ್ಚಿನದು. ವಾರಂಟಿಯ ಷರತ್ತಿನಲ್ಲಿ ಇರುವುದು ದೋಷವಿರುವ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಾಯಿಸುವ ಹೊಣೆ ಮಾತ್ರ, ಇಡೀ ಕಾರನ್ನು ಬದಲಾಯಿಸುವ ಹೊಣೆಯಲ್ಲ ಎಂದು ಕೋರ್ಟು ಹೇಳಿತು. ಅಂದಿನಿಂದ ಕಂಪನಿಗಳ ವಕೀಲರಿಗೆ ಈ ತೀರ್ಪು ಬಾಯಿಪಾಠ. ಬದಲಿ ಗಾಡಿಯೋ ಪೂರ್ತಿ ಹಣವೋ ಬೇಕೆಂದರೆ, ದೋಷವು ಗಾಡಿ ತಯಾರಾಗುವಾಗಲೇ ಹುಟ್ಟಿದ್ದು, ರಿಪೇರಿಯಿಂದ ಹೋಗುವಂಥದ್ದಲ್ಲ ಎಂದು ತೋರಿಸಿಕೊಡಬೇಕು. ತೋರಿಸುವುದು ಯಾವುದರಿಂದ? ಕಾಗದದಿಂದ.

ಆ ಕಾಗದಗಳಲ್ಲಿ ಮೊದಲನೆಯದು ಜಾಬ್ ಕಾರ್ಡ್. ಗಾಡಿ ಒಳಗೆ ಬಿಡುವಾಗ ಅಲ್ಲಿನ ಹುಡುಗ ಏನೋ ಬರೆದು ಸಹಿ ಹಾಕಿಸಿಕೊಳ್ಳುತ್ತಾನಲ್ಲ, ಅದೇ. ನಮ್ಮ ಓದುಗರು ಏಳು ಜಾಬ್ ಕಾರ್ಡುಗಳ ನಕಲು ಕಳಿಸಿದ್ದಾರೆ. ನೋಡಿ ಅಯ್ಯೋ ಅನ್ನಿಸಿತು. ಮೂರರಲ್ಲಿ ‘ಜನರಲ್ ಚೆಕಪ್’ ಎಂದಿದೆ. ಎರಡರಲ್ಲಿ ‘ಆಯಿಲ್ ಟಾಪಪ್’. ಗಾಡಿ ಕಾದು ನಿಂತಿತೆಂಬ ಮಾತು ಇರುವುದು ಎರಡರಲ್ಲೇ. ಅಂದರೆ ಅವರು ಏಳು ಸಲ ಹೇಳಿದ್ದು ಕಾಗದದ ಮೇಲೆ ಎರಡೇ ಸಲ ಹೇಳಿದಂತಾಗಿದೆ.

ಇನ್ನು ಮುಂದೆ ಹೀಗೆ ಮಾಡಿ. ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ: “ಲೋಡು ಹಾಕಿ 40 ಕಿಲೋಮೀಟರ್ ಹೋದ ಮೇಲೆ ಇಂಜಿನ್ ಕಾದು ನಿಲ್ಲುತ್ತದೆ, ಇದು ಎಂಟನೇ ಸಲ.” ಒಳಗೆ ಬಿಟ್ಟ ದಿನ, ಹೊರಗೆ ತಂದ ದಿನ, ಮೀಟರಿನ ಅಂಕಿ, ಯಾವ ಭಾಗ ಬದಲಾಯಿಸಿದರು ಎಂಬುದೆಲ್ಲ ಇರಲಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಅವರು ಬರೆಯಲು ಒಪ್ಪದಿದ್ದರೆ ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗಾಡಿ ಹಿಂದಕ್ಕೆ ಪಡೆಯುವಾಗ ‘ಕೆಲಸ ತೃಪ್ತಿಕರ’ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಮನೆಗೆ ಹೋಗುವ ಅವಸರದಲ್ಲಿ ನೋಡದೆ ಸಹಿ ಹಾಕುತ್ತೇವೆ. ವರ್ಷ ಕಳೆದ ಮೇಲೆ ಅದೇ ಚೀಟಿ ಎದುರು ಪಕ್ಷದ ಕೈಯಲ್ಲಿರುತ್ತದೆ. “ಲೋಡು ಹಾಕಿ ಓಡಿಸಿ ನೋಡುವುದು ಬಾಕಿ ಇದೆ” ಎಂದು ಬರೆದು ಸಹಿ ಹಾಕಿದರೆ ಯಾರೂ ಕೈ ಹಿಡಿಯುವುದಿಲ್ಲ.

ಲೋಡಿನ ಮಾತು ಬಂತು. ಇವರ ಗಾಡಿಯ ಗುಟ್ಟೇ ಅಲ್ಲಿದೆ. ಭಾರ ಹೊತ್ತು ಒಂದು ತಾಸು ಓಡಿದ ಮೇಲೆ ಕಾಣಿಸಿಕೊಳ್ಳುವ ರೋಗವನ್ನು, ಖಾಲಿ ಗಾಡಿಯಲ್ಲಿ ವರ್ಕ್‌ಶಾಪಿನ ಸುತ್ತ ಒಂದು ಸುತ್ತು ಹೊಡೆದು ಹುಡುಕಿದರೆ ಸಿಗುತ್ತದೆಯೇ? ಡಾಕ್ಟರ ಮುಂದೆ ಕೂತಾಗ ಕೆಮ್ಮು ನಿಂತುಬಿಡುತ್ತದಲ್ಲ, ಹಾಗೆ. ಆದ್ದರಿಂದ ಲೋಡಿನ ಸಮೇತ ಹೋಗಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ನಲವತ್ತು ಕಿಲೋಮೀಟರ್ ಓಡಿಸಿ. ನಿಂತ ಜಾಗದಲ್ಲಿ ಮೀಟರಿನ ಫೋಟೋ ತೆಗೆದು, ಅವನ ಕೈಯಲ್ಲೇ ಬರೆಸಿಕೊಳ್ಳಿ. ಒಂದು ಎಚ್ಚರಿಕೆ: ಲೋಡು ಆರ್‌ಸಿಯಲ್ಲಿ ಹೇಳಿದ ಮಿತಿಯೊಳಗೇ ಇರಲಿ, ವೇ ಬ್ರಿಡ್ಜಿನ ತೂಕದ ಚೀಟಿ ಜೇಬಿನಲ್ಲಿರಲಿ. ಇಲ್ಲದಿದ್ದರೆ “ಮಿತಿ ಮೀರಿ ಹೇರಿದರು” ಎಂಬ ಒಂದೇ ಮಾತಿನಲ್ಲಿ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ವಾರಂಟಿ ಇರುವಷ್ಟು ಕಾಲ ಹೊರಗಿನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಬೇಡಿ, ಸರ್ವಿಸ್ ತಪ್ಪಿಸಬೇಡಿ.

ಇಷ್ಟಾದ ಮೇಲೆ ಕಂಪನಿಗೇ ಬರೆಯಿರಿ. ವಿಳಾಸ ವಾರಂಟಿ ಪುಸ್ತಕದಲ್ಲಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಇ-ಮೇಲನ್ನೂ ಮಾಡಿ. ಬೈಗುಳ ಬೇಡ. ತಾರೀಖು, ಮೀಟರಿನ ಅಂಕಿ, ಬದಲಾದ ಭಾಗ, ಗಾಡಿ ಒಳಗಿದ್ದ ದಿನಗಳು, ಇಷ್ಟು ಸಾಕು. ಡೀಲರ್‌ಗೆ ಬರದ ಭಯ ಈ ಕಾಗದದಿಂದ ಬರುವುದುಂಟು. ಕಂಪನಿಯ ಇಂಜಿನಿಯರ್ ಒಬ್ಬ ಬಂದು ನೋಡಿ, ಕೆಲಸ ಅಲ್ಲಿಗೇ ಮುಗಿಯುವುದೂ ಉಂಟು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರೆ ಅವರೂ ಕಂಪನಿಯನ್ನು ಕೇಳುತ್ತಾರೆ. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಅಷ್ಟೇ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಳಬರು ಈಗಲೂ ‘ಬಳಕೆದಾರರ ವೇದಿಕೆ’ ಎನ್ನುತ್ತಾರೆ. ಇಲ್ಲೊಂದು ಅನುಮಾನ ನಮ್ಮ ಓದುಗರಿಗೆ ಬಂದಿದೆ: “ನನ್ನದು ಬಾಡಿಗೆ ಗಾಡಿ, ವ್ಯಾಪಾರದ್ದು. ನಾನು ಗ್ರಾಹಕನೇ ಅಲ್ಲ ಎಂದು ಶೋರೂಮಿನವರು ಹೇಳುತ್ತಾರೆ.” ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯಿದೆಯಲ್ಲಿ ಇರುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ಅದು ಅನ್ವಯಿಸುವುದಿಲ್ಲವೆಂದೂ ಅಲ್ಲೇ ಇದೆ. 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದ ತೀರ್ಪು ಬರೆಯುವಾಗ ಸುಪ್ರೀಂ ಕೋರ್ಟು ಉದಾಹರಣೆಗೆ ತೆಗೆದುಕೊಂಡದ್ದು, ತಾನೇ ಓಡಿಸಿ ಜೀವನ ಮಾಡಲು ಆಟೋರಿಕ್ಷಾ ಕೊಂಡವನನ್ನು, ತಾನೇ ಓಡಿಸಲು ಲಾರಿ ಕೊಂಡವನನ್ನು. ಇಬ್ಬರೂ ಗ್ರಾಹಕರೇ ಎಂದಿತು. ಶೋರೂಮಿನವರಿಗೆ ಇದು ಗೊತ್ತಿಲ್ಲವೆಂದು ನಂಬುವುದು ಕಷ್ಟ. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಿರಿ: ಗಾಡಿ ಒಂದೇ, ಓಡಿಸುವವನು ನಾನೇ, ಸಂಸಾರ ನಡೆಯುವುದು ಇದರಿಂದಲೇ.

ಗಾಡಿಯನ್ನು ಎಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯಿದೆ ತಂದ ಒಳ್ಳೆಯ ಬದಲಾವಣೆ ಇದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಿಂದ ಬಂದಿರುವ ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ಡೀಲರ್, ಕಂಪನಿ ಇಬ್ಬರನ್ನೂ ಎದುರು ಪಕ್ಷ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅವರ ಕಡೆ ಬೆರಳು ತೋರಿಸುತ್ತಾರೆ. ಗಾಡಿಯ ಬೆಲೆಯ ಜೊತೆಗೆ ಕಟ್ಟಿದ ತೆರಿಗೆ, ವಿಮೆ, ಸಾಲದ ಬಡ್ಡಿ, ತಪ್ಪಿದ ಬಾಡಿಗೆ ಎಲ್ಲವನ್ನೂ ಕೇಳಿ. ಕೇಳದ್ದನ್ನು ಕೊಡಿಸುವುದು ಅಪರೂಪ. ಎರಡು ವರ್ಷದ ಗಡುವನ್ನಂತೂ ಮರೆಯಬಾರದು. “ಮುಂದಿನ ತಿಂಗಳು ನೋಡೋಣ” ಎಂದು ಶೋರೂಮಿನವರು ತಳ್ಳುತ್ತಾ ಹೋದ ದಿನಗಳೂ ನಿಮ್ಮ ಲೆಕ್ಕದಲ್ಲೇ ಕಳೆಯುತ್ತವೆ.

ಹೆಚ್ಚಿನ ದೂರುಗಳು ಮುಗ್ಗರಿಸುವುದು ತಜ್ಞರ ವರದಿಯಲ್ಲಿ. ತಯಾರಿಕೆಯ ದೋಷವೆಂದು ನೀವು ಹೇಳಿದರೆ ಸಾಲದು, ಬಲ್ಲವರು ಹೇಳಬೇಕು. ಪರೀಕ್ಷೆ ಮಾಡಿಸದೆ ಗೊತ್ತಾಗದ ದೋಷವಾದರೆ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆ ವೆಚ್ಚವನ್ನು ಮೊದಲು ನೀವು ಕಟ್ಟಬೇಕಾಗುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನು, ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರನ್ನು ನೇಮಿಸಿದ ಪ್ರಕರಣಗಳಿವೆ. ದೂರಿನ ಜೊತೆಗೇ ಇದಕ್ಕೂ ಅರ್ಜಿ ಹಾಕಿ. 2010ರಲ್ಲಿ ಫಿಯಟ್ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲವನ್ನೂ ಸ್ವತಂತ್ರ ತಜ್ಞರ ಮಾತಿನ ಮೇಲೆಯೇ ನಿಲ್ಲಿಸಿತು: ತಯಾರಿಕೆಯ ದೋಷವಿದೆ ಎಂದು ಅವರು ಹೇಳಿದರೆ ಕಾರಿನ ಬೆಲೆಯನ್ನೂ ತೆರಿಗೆಯನ್ನೂ ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದಿತು.

ಎಲ್ಲಕ್ಕೂ ತಜ್ಞರೇ ಬೇಕೆಂದೂ ಇಲ್ಲ. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ ಕಾರೊಂದು 2017ರಲ್ಲಿ ಅಪಘಾತಕ್ಕೆ ಸಿಕ್ಕಿತು, ಏರ್‌ಬ್ಯಾಗು ಬಿಚ್ಚಿಕೊಳ್ಳಲಿಲ್ಲ. ಸಾಕಷ್ಟು ಜೋರಾಗಿ ಬಡಿದಿರಲಿಲ್ಲ ಎಂದು ಕಂಪನಿ ವಾದಿಸಿತು. ಎಷ್ಟು ವೇಗಕ್ಕೆ ಎಷ್ಟು ಪೆಟ್ಟು ಎಂದು ಲೆಕ್ಕ ಹಾಕಲು ಕೊಳ್ಳುವವನೇನು ಭೌತಶಾಸ್ತ್ರದ ಪಂಡಿತನೇ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಉತ್ತರಿಸಿ, 3 ಲಕ್ಷ ರೂಪಾಯಿಯ ಪರಿಹಾರವನ್ನೂ ಬದಲಿ ಕಾರಿನ ಆದೇಶವನ್ನೂ ಎತ್ತಿಹಿಡಿಯಿತು. ಕೆಲವು ದೋಷ ತಾನೇ ಮಾತಾಡುತ್ತದೆ. ಆದರೆ ಕಾದು ನಿಲ್ಲುವ ಇಂಜಿನ್ ಆ ಜಾತಿಯದಲ್ಲ, ಅದರ ಪರವಾಗಿ ಬೇರೆಯವರು ಮಾತಾಡಬೇಕು.

ಎಷ್ಟು ಕಾಲ ಹಿಡಿಯುತ್ತದೆ? ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನಂಬಿ ಕೂರಬೇಡಿ. ಅದಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ, ಮೇಲ್ಮನವಿ ಹೋದರೆ ವರ್ಷಗಟ್ಟಲೆ. ನಡುವೆ ರಾಜಿ ಸಂಧಾನಕ್ಕೆ ಕರೆದರೆ ಹೋಗಿ. ಇಂಜಿನ್ ಪೂರ್ತಿ ಹೊಸದು, ಅದಕ್ಕೆ ಹೊಸ ವಾರಂಟಿ, ಕಳೆದ ದಿನಗಳಿಗೆ ಒಂದಷ್ಟು ಹಣ ಎಂದು ಬರವಣಿಗೆಯಲ್ಲಿ ಕೊಡುವುದಾದರೆ, ದುಡಿಯುವ ಮನುಷ್ಯನಿಗೆ ಅದು ಕಡಿಮೆ ಗೆಲುವಲ್ಲ.

ಒಂದೇ ಮಾದರಿಯ ಅನೇಕ ಗಾಡಿಗಳಲ್ಲಿ ಒಂದೇ ದೋಷ ಕಂಡರೆ ಬೇರೊಂದು ದಾರಿಯೂ ಇದೆ. ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 110ಎ ಕಲಮು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಲಾರಿ ಸ್ಟ್ಯಾಂಡಿನಲ್ಲಿ ಅದೇ ಗಾಡಿ ಇಟ್ಟುಕೊಂಡವರನ್ನು ವಿಚಾರಿಸಿ ನೋಡಿ; ನಾಲ್ಕು ಜನರ ಜಾಬ್ ಕಾರ್ಡು ಒಂದೇ ಮಾತು ಹೇಳಿದರೆ ಆಯೋಗದ ಮುಂದೆಯೂ ತೂಕ ಹೆಚ್ಚುತ್ತದೆ.

ಕಾಗದದ ಕೊನೆಯಲ್ಲಿ, “ಎಕ್ಸ್‌ಚೇಂಜಿಗೆ ಕೊಟ್ಟು ಕೈ ತೊಳೆದುಕೊಳ್ಳಿ ಎಂದು ಭಾವಮೈದ ಹೇಳುತ್ತಾನೆ” ಎಂದಿದೆ. ಭಾವಮೈದನಿಗೆ ಹೇಳಿ: ದೂರು ಕೊಡುವ ಮನಸ್ಸಿದ್ದರೆ ಅದು ತೀರ್ಮಾನವಾಗುವ ತನಕ ಮಾರಬಾರದು. ಗಾಡಿ ಕೈಬಿಟ್ಟಿತೆಂದರೆ ಪರೀಕ್ಷೆಗೆ ವಸ್ತುವೇ ಇಲ್ಲ. ನಡುವೆ ಮಾರಿದವರು ಇನ್ನು ಗ್ರಾಹಕರಲ್ಲವೆಂದು ದೂರು ಬಿದ್ದುಹೋದ ಉದಾಹರಣೆಗಳೂ ಇವೆ. ಮಾರಲೇಬೇಕಾದ ಸಂದರ್ಭ ಬಂದರೆ ಮೊದಲು ತಜ್ಞರ ಪರೀಕ್ಷೆ ಮುಗಿಸಿ, ಆಯೋಗಕ್ಕೆ ಅರ್ಜಿ ಕೊಟ್ಟು ಅನುಮತಿ ಪಡೆದೇ ಮಾರಿ.